ಮಾತ್ರೆ ನುಂಗುವವಳನ್ನೇ ಕೇಳಿ

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ 2014ರಲ್ಲಿ ಶುರುವಾದದ್ದು ನನ್ನಂಥವರಿಗೆ ದೊಡ್ಡ ಅನುಕೂಲ. ಬಸ್ಸಿನ ಖರ್ಚು ಉಳಿಯಿತು, ಕೂಲಿಯೂ ಉಳಿಯಿತು. ಆದರೆ ಒಳಗೆ ಹೋದರೆ ವೈದ್ಯರು ಕೇಳುವುದು ಅತ್ತೆಯನ್ನು: “ಹೇಗಿದ್ದಾಳಮ್ಮ ಸೊಸೆ? ಜಗಳ ಮಾಡ್ತಾಳಾ?” ತವರಿನಿಂದ ದುಡ್ಡು ತಾ ಎಂದು ಗಂಡ ಹೊಡೆದ ರಾತ್ರಿ ನಾನು ಕೂಗಾಡಿದ್ದು ಚೀಟಿಯಲ್ಲಿ ಕಾಯಿಲೆಯಾಗುತ್ತದೆ. ಮಾತ್ರೆ ಹೆಚ್ಚುತ್ತದೆ.

ನಾನು ನುಂಗುವುದು ಲಿಥಿಯಂ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ವಾಂತಿಭೇದಿಯಾಗಿ ಮೈಯ ನೀರು ಬತ್ತಿದರೆ ಅದೇ ಮಾತ್ರೆ ವಿಷವಾಗಬಹುದು. ಕೈ ನಡುಗಿ ರೊಟ್ಟಿ ತಟ್ಟಲಾಗುತ್ತಿಲ್ಲ ಎಂದು ಅತ್ತೆ ಹೇಳುತ್ತಾರೆಯೇ? (ರೊಟ್ಟಿ ದಪ್ಪವಾಯಿತೆಂದು ಮಾತ್ರ ಹೇಳುತ್ತಾರೆ.)

ಮಾತ್ರೆ ಬಿಡಿ ಎನ್ನುತ್ತಿಲ್ಲ, ಅದರಿಂದಲೇ ನಾನು ನಿದ್ದೆ ಕಂಡಿದ್ದೇನೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರ ತಿಳಿಯುವ ಹಕ್ಕನ್ನೂ ಗುಟ್ಟಿನ ಹಕ್ಕನ್ನೂ ರೋಗಿಗೆ ಕೊಟ್ಟಿದೆ. ಅದೇ ಚೀಟಿ ತೋರಿಸಿ “ಹುಚ್ಚಿ, ಬಿಟ್ಟುಬಿಡ್ತೀವಿ” ಎಂದು ಹೆದರಿಸುವ ಮನೆಗಳಿವೆ. ವಿಚ್ಛೇದನಕ್ಕೆ ಕಾಯಿಲೆಯ ಹೆಸರೊಂದೇ ಸಾಲದು ಎಂದು 1988ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ವೈದ್ಯರು ಐದು ನಿಮಿಷ ನಮ್ಮೊಬ್ಬರನ್ನೇ ಕೂರಿಸಿ ಮಾತಾಡಿಸಲಿ. ಒಂದು ತಿಂಗಳು ಅತ್ತೆಯ ಬದಲು ಸಂಘದ ಅಕ್ಕ ಜೊತೆಗೆ ಬಂದರು. ಅಂದು ರಕ್ತ ಪರೀಕ್ಷೆಗೆ ಬರೆದರು, ಮಾತ್ರೆಯೂ ಇಳಿಯಿತು. ಮುಂದಿನ ಮಂಗಳವಾರ ನಿಮ್ಮಲ್ಲಿ ಯಾರು ಬರುತ್ತೀರಿ?