ಏಳು ಬಟ್ಟಲು ನೀರು

ಸೋದರಿಯರೇ, ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ನನಗೆ ಬೆಳಿಗ್ಗೆ ಏಳುವುದೇ ಬೇಡವೆನಿಸಿತ್ತು. ನಗಬೇಡಿ, ದಿನವೂ ಅವರೊಡನೆ ಜಗಳವಾಡಿದವಳೇ ನಾನು! ಒಂದು ಮುಂಜಾನೆ ಬೈಲಕುಪ್ಪೆಯಲ್ಲಿ ಪರಿಚಯದ ಟಿಬೆಟನ್ ಅಜ್ಜಿಯ ಮನೆಗೆ ಹೋಗಿದ್ದೆ. 1961ರ ಸುಮಾರಿಗೆ ಅಲ್ಲಿ ನೆಲೆನಿಂತು ಕಾಡು ಕಡಿದವರ ಮಗಳು ಆಕೆ. ಬುದ್ಧನ ಮುಂದೆ ಏಳು ಬಟ್ಟಲು. ಎಡದಿಂದ ಬಲಕ್ಕೆ ನೀರು ತುಂಬುತ್ತಿದ್ದರು, ನಡುವೆ ಜವೆಗೋಧಿ ಕಾಳಿನಷ್ಟೇ ಸಂದು. ಸಂಜೆ ಚೆಲ್ಲಿ, ಒರೆಸಿ, ಬೋರಲು ಹಾಕಬೇಕಂತೆ.

“ನೀರೇ ಯಾಕಜ್ಜಿ?”

“ಬಡವರಿಗೂ ಸಿಗುತ್ತಲ್ಲಮ್ಮಾ, ಕೊಡೋಕೆ ಕೈ ಹಿಂಜರಿಯೋಲ್ಲ.”

ಮಗ ತೀರಿಹೋದ ಮರುದಿನವೂ ತುಂಬಿದರಂತೆ. ಹೇಗೆ ಸಾಧ್ಯವಾಯಿತು ಅಂದರೆ, “ಬಟ್ಟಲು ಬೋರಲಿತ್ತು, ಎದ್ದೆ” ಅಂದರು, ಅಷ್ಟೇ.

ನಾನು ಬೌದ್ಧಳಲ್ಲ. ಆದರೂ ಮೂರು ತಿಂಗಳಿಂದ ಮುಚ್ಚಿದ್ದ ಅತ್ತೆಯ ದೇವರಗೂಡಿನ ಕದ ಮರುದಿನ ಬೆಳಿಗ್ಗೆಯೇ ತೆಗೆದೆ. ಪಂಚಪಾತ್ರೆ ಕಪ್ಪಿಟ್ಟಿತ್ತು. ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತ ಕೂತೆ.