ಗೌರಿಬಿದನೂರಿನ ಎರಡು ಕಿವಿ

ಗೌರಿಬಿದನೂರಿನ ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ‘ರೇಡಿಯೊ ದೂರದರ್ಶಕಕ್ಕೆ ದಾರಿ ಯಾವುದು?’ ಎಂದು ಕೇಳಿದೆ. ಅಂಗಡಿಯವರು ಒಂದು ಗಳಿಗೆ ಯೋಚಿಸಿದರು. ‘ಓ, ಆ ತಂತಿ ಕಟ್ಟಿರೋ ಹೊಲಾನಾ ಸಾರ್? ಅಲ್ಲೇನ್ ಮಾಡ್ತಾರೆ?’ ಅವರು ಹುಟ್ಟಿ ಬೆಳೆದದ್ದೆಲ್ಲ ಅದೇ ಊರಿನಲ್ಲಿ. ಬಸ್ಸಿನ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ವಾಪಸ್ ಬಂದೆ.

ದೂರದರ್ಶಕ ಎಂದೊಡನೆ ಗುಮ್ಮಟವೋ ದೊಡ್ಡ ತಟ್ಟೆಯೋ ಕಣ್ಣಮುಂದೆ ಬರುತ್ತದೆ. ಇಲ್ಲಿ ಎರಡೂ ಇಲ್ಲ. ಈ ಸೀಮೆಯ ದ್ರಾಕ್ಷಿ ಚಪ್ಪರಕ್ಕೆ ನೆಟ್ಟಂತೆ ಸಾಲುಸಾಲು ಕಂಬ, ಅವುಗಳ ಮೇಲೆ ತಂತಿ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ್ದು ಇದು. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರ, ಪೂರ್ವ–ಪಶ್ಚಿಮಕ್ಕೆ 1.38 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್, ಒಟ್ಟು 1,000 ಡೈಪೋಲ್ ಆಂಟೆನಾ. ಕೇಳುವುದು 34.5 ಮೆಗಾಹರ್ಟ್ಸ್‌ನ ಸದ್ದು. ಆ ಅಲೆ ಒಂದೊಂದೂ ಎಂಟೂವರೆ ಮೀಟರಿಗಿಂತ ಉದ್ದ. ಅಷ್ಟುದ್ದದ ಅಲೆಯನ್ನು ಹಿಡಿಯಲು ನುಣುಪಾದ ತಟ್ಟೆ ಬೇಕಿಲ್ಲ, ತಂತಿಯೇ ಸಾಕು. ಮೋಡವಿದ್ದರೂ ಹಗಲಾದರೂ ಕೆಲಸ ನಿಲ್ಲುವುದಿಲ್ಲ. ಈ ತಂತಿಗಳ ಕೆಳಗೆ ಕೂತು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಆಕಾಶದ ಬಹುಪಾಲಿನ ರೇಡಿಯೊ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು. ಸಮಭಾಜಕಕ್ಕೆ ಹತ್ತಿರದ ಊರಾದ್ದರಿಂದ ಉತ್ತರದ ಆಕಾಶವೂ ದಕ್ಷಿಣದ ಆಕಾಶವೂ ಅವರಿಗೆ ಸಿಕ್ಕಿತು. 1997ರಿಂದ ಅದೇ ಆವರಣದಲ್ಲಿ ಸೂರ್ಯನ ಹೊರಕವಚವನ್ನು ನೋಡಲೆಂದೇ ಇನ್ನೊಂದು ಆಂಟೆನಾ ವ್ಯೂಹವಿದೆ.

ಇದು ಮೇಲಕ್ಕೆ ತೆರೆದ ಕಿವಿ. ಇನ್ನೊಂದು ಕಿವಿ ನೆಲಕ್ಕೆ ಒತ್ತಿಕೊಂಡಿದೆ, ಅದು ಇದಕ್ಕಿಂತ ಹಳೆಯದು.

1963ರ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಅಣುಬಾಂಬ್ ಸಿಡಿಸುವುದನ್ನು ನಿಷೇಧಿಸಿತು. ನೆಲದೊಳಗೆ ಸಿಡಿಸುವುದನ್ನು ಬಿಟ್ಟಿತು. ಹಾಗಾದರೆ ಯಾರು ಎಲ್ಲಿ ಸಿಡಿಸುತ್ತಿದ್ದಾರೆಂದು ತಿಳಿಯುವುದು ಹೇಗೆ? ನೆಲಕ್ಕೆ ಕಿವಿಗೊಟ್ಟೇ. ಬ್ರಿಟನ್ನಿನ ನೆರವಿನಿಂದ ಅಣುಶಕ್ತಿ ಇಲಾಖೆ 1965ರಲ್ಲಿ ಇಲ್ಲಿ ಭೂಕಂಪನ ವ್ಯೂಹವನ್ನು ಹೂಡಿತು. ಇದೇ ಮಾದರಿಯ ವ್ಯೂಹಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾದಲ್ಲಿವೆ. ‘ಎಲ್’ ಆಕಾರದ ಎರಡು ತೋಳುಗಳಲ್ಲಿ ಕಿಲೋಮೀಟರುಗಟ್ಟಲೆ ಉದ್ದಕ್ಕೆ 20 ಕಂಪನಮಾಪಕಗಳು. ಒಂದೇ ಮಾಪಕ ಸಾಲದೇ? ಸಾಲದು. ದೂರದಿಂದ ಬಂದ ಅಲೆ ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುತ್ತದೆ. ಆ ತಡವನ್ನು ಲೆಕ್ಕ ಹಾಕಿ ಎಲ್ಲವನ್ನೂ ಕೂಡಿಸಿದರೆ ಅಕ್ಕಪಕ್ಕದ ಗದ್ದಲ ಅಳಿಸಿಹೋಗಿ, ಅಲೆ ಬಂದ ದಿಕ್ಕು ನಿಚ್ಚಳವಾಗುತ್ತದೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ. ಸ್ಫೋಟ ಎಲ್ಲ ಕಡೆಗೂ ಒಮ್ಮೆಲೇ ತಳ್ಳುತ್ತದೆ. ಮಾಪಕ ಬರೆಯುವ ಗೀಟಿನಲ್ಲಿ ಎರಡರ ಗುರುತೂ ಬೇರೆ.

ಈ ಕೆಲಸಕ್ಕೆ ಇದೇ ಊರು ಒದಗಿಬಂದದ್ದು ಸುಮ್ಮನೆ ಅಲ್ಲ. ಕೆಳಗೆ ಅತಿ ಪುರಾತನವಾದ ಗಟ್ಟಿ ಬಂಡೆ. ಕಡಲಿನ ಬಡಿತ ದೂರ. ಬೆಂಗಳೂರು ಸುಮಾರು 80 ಕಿಲೋಮೀಟರ್ ಆಚೆ. ನೆಲವೂ ಆಕಾಶವೂ ಇಲ್ಲಿ ಶಾಂತವಾಗಿದ್ದವು. ಆ ಶಾಂತಿ ಈ ಊರಿನ ಆಸ್ತಿ, ಕೆರೆಯಂತೆ, ಗೋಮಾಳದಂತೆ. ಕೆರೆ ಒತ್ತುವರಿಯಾದರೆ ಕಣ್ಣಿಗೆ ಕಾಣುತ್ತದೆ, ಯಾರಾದರೂ ತಕರಾರು ತೆಗೆಯುತ್ತಾರೆ. ಶಾಂತಿಯ ಒತ್ತುವರಿ ಕಾಣುವುದಿಲ್ಲ. ಬೆಂಗಳೂರು ಉತ್ತರಕ್ಕೆ ಬೆಳೆಯುತ್ತಲೇ ಇದೆ. ಕಾರ್ಖಾನೆ ಬೇಡವೆಂದು ನಾನು ಹೇಳಲಾರೆ. ಕೊಳವೆಬಾವಿ ಬತ್ತಿದ ಈ ಬಯಲುಸೀಮೆಯ ಹುಡುಗರಿಗೆ ಕೆಲಸ ಬೇಕು. ಆದರೆ ಎಲ್ಲಿ, ಎಷ್ಟು ದೂರದಲ್ಲಿ ಎಂದು ತೀರ್ಮಾನಿಸುವಾಗ ಕಿಡಿಯೆಬ್ಬಿಸುವ ವಿದ್ಯುತ್ ತಂತಿ, ನೆಲ ನಡುಗಿಸುವ ಕಲ್ಲುಕ್ವಾರಿ, ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ಹಿಡಿಯಿರಿ ಎಂದು ಪಟ್ಟು ಹಿಡಿಯಬೇಕಾದವರು ಊರಿನವರೇ. ತಂತಿಯ ಹೊಲದಲ್ಲಿ ಏನು ನಡೆಯುತ್ತದೆಂದು ಗೊತ್ತಿಲ್ಲದವರು ಯಾವುದಕ್ಕೆಂದು ಪಟ್ಟು ಹಿಡಿದಾರು?

ಇದು ಊರಿನವರ ತಪ್ಪಲ್ಲ. ನಮ್ಮ ಸಂಶೋಧನಾ ಸಂಸ್ಥೆಗಳು ಲೋಕದ ಪತ್ರಿಕೆಗಳಿಗೆ ಬರೆಯುತ್ತವೆ, ಬೇಲಿಯಾಚೆಯ ಶಾಲೆಗೆ ಅಪರೂಪಕ್ಕೆ ಹೇಳುತ್ತವೆ. ನನ್ನನ್ನು ಇದು ಹೆಚ್ಚು ನೋಯಿಸುವುದು ಈ ತಾಲ್ಲೂಕಿನ ಮಾತಾದ್ದರಿಂದ. ಇಲ್ಲಿನ ಹೊಸೂರಿನ ಬಡ ಮನೆಯ ಹುಡುಗನೊಬ್ಬ ಓದಲೆಂದು ಬೆಂಗಳೂರಿಗೆ ನಡೆದೇ ಹೋದ. ಮುಂದೆ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಆ ಹುಡುಗನೇ ಎಚ್. ನರಸಿಂಹಯ್ಯ. ಅವರು ಜೀವಮಾನವಿಡೀ ಹೇಳಿದ್ದು ಒಂದೇ, ಪ್ರಶ್ನೆ ಕೇಳಿ ಎಂದು. ಅವರ ತಾಲ್ಲೂಕಿನ ಟೀ ಅಂಗಡಿಯವರು ಪ್ರಶ್ನೆಯನ್ನೇನೋ ಕೇಳಿದರು, ಉತ್ತರ ಹೇಳಬೇಕಾದವರು ಎದುರಿಗಿರಲಿಲ್ಲ.

ದೇಶದ ರಕ್ಷಣೆಗೆ ಸಂಬಂಧಿಸಿದ್ದು ಗುಟ್ಟಾಗಿಯೇ ಇರಲಿ. ಭೂಕಂಪ ಗುಟ್ಟಲ್ಲ, ಸೂರ್ಯನೂ ಗುಟ್ಟಲ್ಲ. ತಾಲ್ಲೂಕಿನ ಪ್ರತಿ ಮಗುವೂ ಹೈಸ್ಕೂಲು ಮುಗಿಸುವುದರೊಳಗೆ ಒಮ್ಮೆ ಆ ತಂತಿಗಳ ಕೆಳಗೆ ನಿಂತು ಸೂರ್ಯನ ಸದ್ದು ಕೇಳಲಿ. ಬಸ್ ನಿಲ್ದಾಣದ ಗೋಡೆಗೆ ಒಂದು ಕರಿಹಲಗೆ ಹಾಕಿ, ‘ನಿನ್ನೆ ನಮ್ಮೂರಿಗೆ ಕೇಳಿಸಿದ ಭೂಕಂಪ’ ಎಂದು ಬರೆದು, ಅದು ಯಾವ ದೇಶದ್ದು, ಎಷ್ಟು ನಿಮಿಷಕ್ಕೆ ಇಲ್ಲಿ ಮುಟ್ಟಿತು ಎಂದು ದಿನಾ ಬೆಳಿಗ್ಗೆ ತಿದ್ದಲು ಒಂದು ತುಂಡು ಸೀಮೆಸುಣ್ಣ ಸಾಕು. ಟೀ ಅಂಗಡಿಯಿಂದ ಆ ಗೋಡೆ ಚೆನ್ನಾಗಿ ಕಾಣುತ್ತದೆ.