ಕಲ್ಲಿನ ಮಗ್ಗುಲಿನ ಮಣ್ಣು

ಹೊಯ್ಸಳ ನಾಡನ್ನು ಕಾಣಲೆಂದು ಬಂದವನ ದೃಷ್ಟಿ ಕಲ್ಲಿನ ಮೇಲೆ ಬಿದ್ದು, ಅಲ್ಲಿಯೇ ತೃಪ್ತಿಗೊಂಡು ಹಿಂದಿರುಗುವುದು ಸಹಜವೇ ಸರಿ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯಲ್ಲಿ ನಕ್ಷತ್ರಾಕಾರದ ಮಂಟಪವನ್ನು ಮುಂದಿಟ್ಟುಕೊಂಡು ನಿಂತಿರುವ ಈಶ್ವರ ದೇವಾಲಯ, ಇವುಗಳ ಎದುರಿನಲ್ಲಿ ಕಾಲಡಿಯ ಮಣ್ಣನ್ನು ನೆನೆಯುವವರಾರು? ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1902ರಷ್ಟು ಹಿಂದೆಯೇ ಎಪಿಗ್ರಾಫಿಯ ಕರ್ಣಾಟಿಕದ ಹಾಸನ ಸಂಪುಟದಲ್ಲಿ ಮುದ್ರಿಸಿದರು; 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಕಲ್ಲಿಗೆ ಸಲ್ಲಬೇಕಾದ ಗೌರವ ಸಂದಿತು. ಆದರೆ ದತ್ತಿ ಬಿಡಲು ಭೂಮಿಯಿಲ್ಲದವನು, ಸತ್ತಾಗ ವೀರಗಲ್ಲು ನಿಲ್ಲಿಸುವ ಶಕ್ತಿಯುಳ್ಳ ಬಂಧುಗಳಿಲ್ಲದವನು, ದನ ಕಟ್ಟಿ, ಒಲೆ ಹೊತ್ತಿಸಿ, ಬಾಳಿ ಒಂದು ದಿನ ಮಣ್ಣಾದವನು, ಇಂಥವನ ವೃತ್ತಾಂತ ಶಾಸನದಲ್ಲಿ ದೊರೆಯಲಾರದು. ದೊರೆತರೆ ಮಣ್ಣಿನಲ್ಲಿಯೇ ದೊರೆಯಬೇಕು. ಆ ಮಣ್ಣನ್ನು ಓದುವ ಶಾಸ್ತ್ರವುಂಟು. ಅದನ್ನು ಬೇಲೂರು, ಹಳೇಬೀಡು, ಅರಸೀಕೆರೆ ಈ ಮೂರೂರುಗಳ ಸುತ್ತ ಕ್ರಮವಾಗಿ ಪ್ರಯೋಗಿಸಬೇಕೆಂಬುದು ನನ್ನ ವಾದ.

ಆ ಶಾಸ್ತ್ರದ ತತ್ತ್ವ ಸರಳವಾದುದು. ಮನುಷ್ಯರೂ ಪಶುಗಳೂ ನೆಲಸಿದೆಡೆಯಲ್ಲಿ ಸಗಣಿ, ಬೂದಿ, ಎಲುಬು, ಎಂಜಲುಗಳ ಮೂಲಕ ರಂಜಕವು ನೆಲಕ್ಕಿಳಿದು, ಆಮ್ಲಗುಣದ ಮಣ್ಣಾದರೆ ಕಬ್ಬಿಣ, ಅಲ್ಯುಮಿನಿಯಮ್‌ಗಳೊಡನೆ, ಸುಣ್ಣದ ಅಂಶವುಳ್ಳ ಮಣ್ಣಾದರೆ ಕ್ಯಾಲ್ಸಿಯಮ್ಮಿನೊಡನೆ ಬಂಧಿಸಿಕೊಂಡು, ಮಳೆನೀರಿಗೆ ಸುಲಭವಾಗಿ ಕರಗದೆ ಶತಮಾನಗಳವರೆಗೆ ನಿಲ್ಲುತ್ತದೆ. ಸ್ವೀಡನ್ ದೇಶದ ಅರೇನಿಯಸ್ ಎಂಬ ವಿಜ್ಞಾನಿ ಸಕ್ಕರೆ ಬೀಟಿನ ಬೆಳೆಗಾಗಿ ಹೊಲಗಳನ್ನು ಪರೀಕ್ಷಿಸುತ್ತಿದ್ದಾಗ, ರಂಜಕ ಅಧಿಕವಾಗಿದ್ದ ಸ್ಥಳಗಳಲ್ಲಿ ಪ್ರಾಚೀನ ವಸತಿಗಳಿದ್ದುವೆಂಬುದನ್ನು ಕಂಡುಕೊಂಡನು.

ಕನ್ನಡ ನೆಲಕ್ಕೂ ಈ ವಿದ್ಯೆ ಅಪರಿಚಿತವಲ್ಲ. ಹಂಪಿಯ ಬಳಿಯ ನಿಂಬಾಪುರದ ಬೂದಿಗುಡ್ಡವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬಿದ್ದರು. ಬಳ್ಳಾರಿ ಸೀಮೆಯ ಇಂಥ ಗುಡ್ಡಗಳ ಬೂದಿಯನ್ನು ಪರೀಕ್ಷಿಸಿದ ಜ್ಯೂನರ್ ಪಂಡಿತನು 1960ರಲ್ಲಿ ಅದು ಸುಟ್ಟ ಸಗಣಿಯೆಂದು ತೋರಿಸಿ, ಶ್ಮಶಾನವೆಂಬ ಕಲ್ಪನೆಯ ಸ್ಥಳದಲ್ಲಿ ನವಶಿಲಾಯುಗದ ಗೋಪಾಲಕರ ದೊಡ್ಡಿಯನ್ನು ನಮ್ಮ ಮುಂದಿರಿಸಿದನು. ಇದಕ್ಕೆ ವಿಪರೀತವಾದ ಸಮಸ್ಯೆಯೊಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲುಂಟು. 1947ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್, ಬೃಹತ್ ಶಿಲಾಯುಗದವರು ಕಲ್ಲಿನ ವೃತ್ತಗಳೊಳಗೆ ತೋಡಿದ್ದ ಕುಣಿಗಳಲ್ಲಿ ಎಲುಬು ಕಾಣದಿರಲು, ಶವವನ್ನು ಮೊದಲು ಇಲ್ಲಿರಿಸಿ, ಮಾಂಸ ಕಳೆದ ಮೇಲೆ ಎಲುಬುಗಳನ್ನು ಆಯ್ದು ಕಲ್ಚಪ್ಪಡಿಯ ಗೋರಿಗಳಿಗೆ ಒಯ್ಯುತ್ತಿದ್ದರೆಂದು ಊಹಿಸಿದನು. ಕುಣಿಯ ತಳದ ಮಣ್ಣಿನ ರಂಜಕವನ್ನು ಹೊರಗಿನ ಮಣ್ಣಿನದರೊಡನೆ ಹೋಲಿಸಿದರೆ ಇಂಥ ಊಹೆ ಪರೀಕ್ಷೆಗೆ ಒಳಪಡುತ್ತದೆ. ಬರಿದಾಗಿ ತೋರುವ ಕುಣಿಯನ್ನು ಬರಿದೆಂದು ಬಗೆದು ಮುಚ್ಚುವುದು ಸಾಕ್ಷಿಯನ್ನು ವಿಚಾರಿಸದೆಯೇ ತೀರ್ಪು ಬರೆದಂತೆ.

ನಮ್ಮ ಮೂರೂರುಗಳಿಗೆ ಬಂದರೆ, ಮಲೆನಾಡಿನ ಸೆರಗಿನಲ್ಲಿರುವ ಬೇಲೂರಿನಿಂದ ತೆಂಗಿನ ತೋಟಗಳ ಬಯಲುಸೀಮೆಯಾದ ಅರಸೀಕೆರೆಯವರೆಗೆ ಮಳೆ ಕಡಿಮೆಯಾಗುತ್ತ, ಮಣ್ಣಿನ ಗುಣ ಬದಲಾಗುತ್ತ ಹೋಗುವುದರಿಂದ, ಒಂದೆಡೆ ಆಮ್ಲದಲ್ಲಿ ಕರಗಿಹೋಗುವ ಎಲುಬು ಇನ್ನೊಂದೆಡೆ ಉಳಿದಿರಬಹುದು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯುವಂತಿಲ್ಲ. ಇದಕ್ಕಿಂತಲೂ ಅಮೂಲ್ಯವಾದುದು ಕೆರೆಯ ಹೂಳು. ಈಗ ಹಳೇಬೀಡೆನಿಸಿರುವ ದೋರಸಮುದ್ರದ ರಾಜಧಾನಿ ಬೆಳೆದುದೇ ದೊಡ್ಡ ಕೆರೆಯೊಂದರ ಬದಿಯಲ್ಲಿ. ಪ್ರತಿವರ್ಷದ ಮಳೆ ಸುತ್ತಣ ಹೊಲ, ಕಾಡು, ಕೇರಿಗಳಿಂದ ತಂದ ಮಣ್ಣು, ಹೂಪರಾಗ, ಇದ್ದಲ ಕಣಗಳು ಇಂಥ ಕೆರೆಗಳ ಅಂಗಳದಲ್ಲಿ ಪದರಪದರವಾಗಿ ಕೂಡುತ್ತವೆ. ವಿಜಯನಗರದ ಕೆರೆಗಳ ಹೂಳಿನಲ್ಲಿ ಪರಾಗವನ್ನೂ ಇದ್ದಲನ್ನೂ ಶೋಧಿಸಿ ಕ್ಯಾಥ್ಲೀನ್ ಮಾರಿಸನ್ ಅವರು ಅಲ್ಲಿಯ ಕೃಷಿ ಮತ್ತು ಸಸ್ಯಗಳ ಚರಿತ್ರೆಯನ್ನು ಬರೆದಿರುವಾಗ, 1311ರಲ್ಲಿ ಮಲಿಕ್ ಕಾಫರನ ದಂಡು ಬಂದುಹೋದ ಮೇಲೆ ದೋರಸಮುದ್ರದ ಹೊಲಗಳು ಪಾಳುಬಿದ್ದುವೋ, ರೈತ ಎಂದಿನಂತೆ ಉತ್ತನೋ ಎಂಬ ಪ್ರಶ್ನೆಯನ್ನು ಹೊಯ್ಸಳರ ಕೆರೆಗಳಿಗೆ ನಾವೇಕೆ ಹಾಕಬಾರದು?

ಕೆರೆಯ ಹೂಳೆತ್ತಬೇಕಾದುದು ರೈತನ ನ್ಯಾಯವಾದ ಬೇಡಿಕೆ. ಅರಸೀಕೆರೆಯಂಥ ಬರದ ತಾಲ್ಲೂಕಿನಲ್ಲಿ ಅದನ್ನು ತಡೆಯೆಂದು ಹೇಳುವುದು ಅವಿವೇಕ. ಆದರೆ ಯಂತ್ರ ಇಳಿಯುವ ಮುನ್ನ ಒಂದೆರಡು ಕಡೆ ಕೊಳವೆಯಿಂದ ಆಳದವರೆಗಿನ ಮಣ್ಣನ್ನು ಕದಡದಂತೆ ತೆಗೆದಿರಿಸುವುದಕ್ಕೆ ಕಾಲವೂ ಹಣವೂ ಸ್ವಲ್ಪವೇ ಸಾಕು. ರಾಸಾಯನಿಕ ಗೊಬ್ಬರದ ರಂಜಕವೂ ಮೇಲಣ ಪದರಕ್ಕೆ ಬೆರೆಯುತ್ತಿರುವುದರಿಂದ, ತಡಮಾಡಿದಷ್ಟೂ ಹಳೆಯದನ್ನು ಹೊಸದರಿಂದ ಬೇರ್ಪಡಿಸುವುದು ಕಷ್ಟವಾಗುತ್ತದೆ. ಪುರಾತತ್ತ್ವ ಇಲಾಖೆಯು ಹಳೆಯ ಕೆರೆಗಳ ಹೂಳೆತ್ತುವ ಅನುಮತಿಗೆ ಈ ಒಂದು ಷರತ್ತು ಸೇರುವಂತೆ ನೋಡಿಕೊಳ್ಳಲಿ. ಹಾಸನದ ಕೃಷಿ ಕಾಲೇಜು ಆ ಮಣ್ಣನ್ನು ಪರೀಕ್ಷಿಸುವ ಹೊಣೆ ಹೊರಲಿ. ಫಲಿತಾಂಶ ಕನ್ನಡದಲ್ಲಿ ಪ್ರಕಟವಾಗಲಿ. ರೈಸ್ ಸಾಹೇಬರು ಶಾಸನಕ್ಕೆ ಮಾಡಿದುದನ್ನು ಮಣ್ಣಿಗೆ ಮಾಡಲು ನಮಗೆ ಪರದೇಶದವರ ದಾರಿ ಕಾಯಬೇಕಾದ ಕಾರಣವಿಲ್ಲ.